ಇಟಲಿಗೆ ಹೋದ ಅಡುಗೆಭಟ್ಟ

ಪೆರ್ಲದಿಂದ ಬದಿಯಡ್ಕದವರೆಗೆ ಮದುವೆ, ಉಪನಯನ, ಗೃಹಪ್ರವೇಶ ಯಾವುದಿದ್ದರೂ ಜನ ಮೊದಲು ವಿಚಾರಿಸುತ್ತಿದ್ದದ್ದು ಕೇಶವಪ್ರಸಾದನಿಗೆ ಆ ದಿನ ಪುರುಸೊತ್ತು ಉಂಟೇ ಎಂದು. ಮುಹೂರ್ತ ನೋಡುವುದು ಆಮೇಲೆ ಎಂದು ಅವನ ಹೆಂಡತಿ ಶಂಕರಿ ತಮಾಷೆ ಮಾಡುತ್ತಿದ್ದಳು. ಐನೂರು ಜನರ ಸಾಂಬಾರಿಗೆ ಉಪ್ಪು ಹಾಕುವಾಗಲೂ ಅವನು ರುಚಿ ನೋಡಿದವನಲ್ಲ. ಕೊಪ್ಪರಿಗೆಯ ಮೇಲೆ ಬಗ್ಗಿ ಹಬೆಯನ್ನು ಮೂಸಿ, "ಇನ್ನೊಂದು ಮುಷ್ಟಿ" ಎನ್ನುತ್ತಿದ್ದ. ಅಷ್ಟೇ. ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಆ ಮುಷ್ಟಿ ಉಪ್ಪನ್ನು ಹಾಕುತ್ತಿದ್ದವನು ವೆಂಕಟಕೃಷ್ಣ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಒಟ್ಟಿಗೆ ಅಡುಗೆಗೆ ಹೋಗುತ್ತಿದ್ದರು. ದೂರದ ಸಂಬಂಧ, ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ತರಕಾರಿ ಹೆಚ್ಚುವುದು, ಅನ್ನ ಬಸಿಯುವುದು, ಬೆಂಕಿ ನೋಡಿಕೊಳ್ಳುವುದು, ಬಡಿಸುವ ಹುಡುಗರನ್ನು ಗದರಿಸುವುದು ವೆಂಕಟಕೃಷ್ಣನ ಪಾಲು. ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಮದುವೆಮನೆಯ ಹೆಂಗಸರಿಗೆಲ್ಲ ಅವನ ಪರಿಚಯ ಉಂಟು. ಆದರೆ ಒಗ್ಗರಣೆಯ ಸಟ್ಟುಗವನ್ನು ಅವನು ಕೈಗೆತ್ತಿಕೊಂಡವನಲ್ಲ, ಕೇಶವಪ್ರಸಾದ ಕೊಟ್ಟವನೂ ಅಲ್ಲ. ಅವನನ್ನು ಕಂಡು ಹೊಟ್ಟೆಕಿಚ್ಚು ಪಡಬೇಕಾದ ಸಂದರ್ಭ ಬಂದೀತು ಎಂದು ಯಾರಾದರೂ ಆಗ ಹೇಳಿದ್ದರೆ ಕೇಶವಪ್ರಸಾದ ನಕ್ಕುಬಿಡುತ್ತಿದ್ದ.

ಮೇ ತಿಂಗಳಲ್ಲಿ ಬದಿಯಡ್ಕದ ಒಂದು ಮದುವೆ. ಕೊನೆಯ ಪಂಕ್ತಿ ಎದ್ದ ಮೇಲೆ, ಕೈ ತೊಳೆದ ನೀರು ಇನ್ನೂ ಆರುವ ಮುಂಚೆಯೇ, ಪ್ಯಾಂಟು ಹಾಕಿದ ಒಬ್ಬ ಯುವಕ ಅಡುಗೆಯ ಕೊಟ್ಟಿಗೆಗೇ ಬಂದ.

"ಭಟ್ರೇ, ಇವತ್ತಿನ ಆ ಅನಾನಸಿನ ಗೊಜ್ಜು, ಮೆಣಸ್ಕಾಯಿ, ಮಾಡಿದ್ದು ಯಾರು?"

"ನಾನೇ. ಎಂತ, ಖಾರ ಹೆಚ್ಚಾಯಿತಾ?"

"ಖಾರ ಅಲ್ಲ ಮಾರಾಯ್ರೇ, ಮೂರು ಸಲ ಹಾಕಿಸಿಕೊಂಡೆ. ನಾನು ಅವಿನಾಶ ಅಂತ. ಮಂಗಳೂರಿನಲ್ಲಿ ನನ್ನದೊಂದು ಟೂರಿನ ಆಫೀಸು ಉಂಟು."

ಅವನು ಅಲ್ಲೇ ತೆಂಗಿನಕಾಯಿ ಗೋಣಿಯ ಮೇಲೆ ಕುಳಿತು ವಿಷಯ ಹೇಳಿದ. ಸೆಪ್ಟೆಂಬರ್ ಕೊನೆಗೆ ಹದಿನೆಂಟು ಜನ ಹಿರಿಯರನ್ನು ಇಟಲಿಗೆ ಕರೆದುಕೊಂಡು ಹೋಗುವುದು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ದಿನಕ್ಕೆ ಮೂರು ಪಟ್ಟಣ ಓಡಿಸುವ ಪ್ರವಾಸ ಅದಲ್ಲ. ಗುಡ್ಡಗಳ ತುದಿಯಲ್ಲಿ ಸಣ್ಣ ಸಣ್ಣ ಹಳೆಯ ಊರುಗಳಿವೆ. ಒಂದು ತೋಟದ ಮನೆಯಲ್ಲಿ ಆರು ದಿನ, ಇನ್ನೊಂದರಲ್ಲಿ ಆರು ದಿನ ಇದ್ದುಕೊಂಡು, ಬೆಳಿಗ್ಗೆ ಒಂದು ಊರು ನೋಡುವುದು, ಮಧ್ಯಾಹ್ನ ಉಂಡು ಮಲಗುವುದು, ಸಂಜೆ ದ್ರಾಕ್ಷಿ ತೋಟದ ನಡುವೆ ನಡೆಯುವುದು.

"ಎಲ್ಲ ಸಸ್ಯಾಹಾರಿಗಳು. ಅರ್ಧಕ್ಕರ್ಧ ಜನ ನೀರುಳ್ಳಿಯನ್ನೂ ಮುಟ್ಟುವವರಲ್ಲ. ಹನ್ನೆರಡು ದಿನ ಬ್ರೆಡ್ ತಿನ್ನಿಸಿದರೆ ನನ್ನನ್ನೇ ತಿಂದುಬಿಡುತ್ತಾರೆ. ನೀವು ಬರುತ್ತೀರಾ?"

ಕೇಶವಪ್ರಸಾದ ಉತ್ತರಕ್ಕೆ ಕಾಶಿ, ದಕ್ಷಿಣಕ್ಕೆ ರಾಮೇಶ್ವರ ನೋಡಿದವನು. ಎರಡೂ ಕಡೆ ಹೋದದ್ದು ಯಾತ್ರಿಕರಿಗೆ ಅನ್ನ ಬೇಯಿಸುವುದಕ್ಕೆ. ಅವನು ವೆಂಕಟಕೃಷ್ಣನ ಮುಖ ನೋಡಿದ. ವೆಂಕಟಕೃಷ್ಣನ ಕಣ್ಣು ಅರಳಿತ್ತು.

"ಹೋಗು ಭಾವ! ಇಂಥದ್ದು ಇನ್ನೊಮ್ಮೆ ಬರುತ್ತದಾ?"

ಮನೆಗೆ ಬಂದ ಮೇಲೆ ಶಂಕರಿ ಫೋನಿನಲ್ಲಿ ಆ ಊರುಗಳ ಚಿತ್ರಗಳನ್ನು ತೆಗೆದು ತೋರಿಸಿದಳು. ಅಲೆ ಅಲೆಯಾಗಿ ಹೋಗುವ ಗುಡ್ಡಗಳು, ದಾರಿಯ ಎರಡೂ ಬದಿ ಗರಗಸದ ಹಲ್ಲಿನ ಹಾಗೆ ನಿಂತ ಚೂಪು ಮರಗಳು, ಜೇನಿನ ಬಣ್ಣದ ಕಲ್ಲಿನ ಮನೆಗಳು. ಕೇಶವಪ್ರಸಾದ ನಾಲ್ಕು ದಿನದೊಳಗೆ ಪೇಟೆಯಿಡೀ ಸುದ್ದಿ ಹೇಳಿದ. ಕ್ಷೌರದ ಅಂಗಡಿಯಲ್ಲಿ ಹೇಳಿದ, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದ, ಹಾಲಿನ ಸೊಸೈಟಿಯಲ್ಲಿ ಹೇಳಿದ. ಒಂದು ಉಣ್ಣೆಯ ಸ್ವೆಟರನ್ನೂ ಕಾಸರಗೋಡಿನಿಂದ ತಂದ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಅವನಿಗೆ ತಾನು ಮೂರು ಮನುಷ್ಯರು ಎಂದು ಗೊತ್ತಾಯಿತು. ಶಾಲೆಯ ಪುಸ್ತಕದಲ್ಲಿ ಅವನು ಕೇಶವಪ್ರಸಾದ ಕೆ. ಆಧಾರಿನಲ್ಲಿ ಕೇಶವ ಭಟ್. ಐವತ್ತು ವರ್ಷದ ಹಿಂದೆ ಜನನ ನೋಂದಣಿ ಬರೆದ ಯಾರೋ ಗುಮಾಸ್ತ, ಊರು ಕೇರಳದ್ದಾದ್ದರಿಂದ, ಮಲಯಾಳದ ಅಭ್ಯಾಸಬಲದಿಂದ, ಅವನನ್ನು ಕೇಶವನ್ ಮಾಡಿಟ್ಟಿದ್ದ. ಅರ್ಜಿ ವಾಪಸು ಬಂತು. ಮೂವರೂ ಒಬ್ಬನೇ ಎಂದು ಸರ್ಟಿಫಿಕೇಟು ಮಾಡಿಸಲು ಜೂನ್ ಮುಗಿಯಿತು. ತಿದ್ದುಪಡಿಗೆ ಮತ್ತೆ ಕೊಟ್ಟದ್ದು ಜುಲೈಯ ಕೊನೆಗೆ.

ಅವಿನಾಶನ ಫೋನು ಬಂದದ್ದು ಒಂದು ಉಪನಯನದ ಮನೆಯಲ್ಲಿ. ಕೈ ಹಿಟ್ಟಾಗಿದ್ದರಿಂದ ಕೇಶವಪ್ರಸಾದ ಸ್ಪೀಕರಿಗೆ ಹಾಕಿ ಫೋನನ್ನು ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಬಳಿ ಇಟ್ಟ. ಸುತ್ತ ಐದಾರು ಜನ ಹೆಚ್ಚುವವರಿದ್ದರು.

"ಭಟ್ರೇ, ಇನ್ನು ಕಾಯಲಿಕ್ಕೆ ಆಗುವುದಿಲ್ಲ. ಈ ವಾರ ವೀಸಾಕ್ಕೆ ಕೊಡದಿದ್ದರೆ ಕೈ ತಪ್ಪುತ್ತದೆ. ನಿಮ್ಮ ಜೊತೆಯವರಲ್ಲಿ ಯಾರ ಹತ್ತಿರವಾದರೂ ಪಾಸ್‌ಪೋರ್ಟ್ ಉಂಟಾ?"

ಕುಂಬಳಕಾಯಿ ಹೆಚ್ಚುತ್ತಿದ್ದ ವೆಂಕಟಕೃಷ್ಣ ಕತ್ತಿ ಬಿಟ್ಟು ಹೇಳಿದ: "ನನ್ನದೊಂದು ಉಂಟು. ಬಹ್ರೈನಿನ ಹೋಟೆಲಿಗೆ ಹೋಗುವ ಅಂತ ಮಾಡಿಸಿದ್ದು. ಹೋಗಲಿಲ್ಲ." ಮತ್ತೆ ಕೇಶವಪ್ರಸಾದನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ನಿನಗೆ ಬೇಜಾರಾದರೆ ನಾನು ಇಲ್ಲ ಅನ್ನುತ್ತೇನೆ ಭಾವ."

ಎಲ್ಲರೂ ನೋಡುತ್ತಿದ್ದರು. ಕೇಶವಪ್ರಸಾದ ಹಿಟ್ಟಿನ ಕೈಯನ್ನು ಬಟ್ಟಲಿಗೆ ತಿಕ್ಕಿದ.

"ಎಂತ ಬೇಜಾರು? ಹೋಗು ಮಾರಾಯ. ಯಾರಾದರೊಬ್ಬ ಹೋಗಬೇಕಲ್ಲ."

ಅವನು ಬೇಡ ಎನ್ನುತ್ತಾನೆ ಎಂದು ಕೇಶವಪ್ರಸಾದ ಒಳಗೊಳಗೇ ಕಾದಿದ್ದ. ವೆಂಕಟಕೃಷ್ಣ ಬೇಡ ಎನ್ನಲಿಲ್ಲ. ಫೋನಿಗೆ ಬಾಯಿ ಕೊಟ್ಟು ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳತೊಡಗಿದ.

ಹೊರಡುವ ಮುಂಚೆ ಅವನು ಒಂದು ನೋಟುಪುಸ್ತಕ ಹಿಡಿದುಕೊಂಡು ಬಂದ. ಹದಿನೆಂಟು ಜನರಿಗೆ ಸಾಂಬಾರಿಗೆ ಎಷ್ಟು, ಪಾಯಸಕ್ಕೆ ಎಷ್ಟು, ಗೊಜ್ಜಿಗೆ ಎಷ್ಟು ಎಂದು ಬರೆಸಿಕೊಳ್ಳುವುದಕ್ಕೆ. ಕೇಶವಪ್ರಸಾದ ತಾನೇ ಪೆನ್ನು ತೆಗೆದುಕೊಂಡು ಮೂರು ಪುಟ ಬರೆದುಕೊಟ್ಟ. ಸಾಂಬಾರಿನ ಹುಡಿಯನ್ನೂ ಹುರಿದು ಬೀಸಿ ಕಟ್ಟಿಕೊಟ್ಟ. ಎಲ್ಲವನ್ನೂ ಪ್ರಾಮಾಣಿಕವಾಗಿಯೇ ಬರೆದ. ಮೆಣಸ್ಕಾಯಿಯ ಹತ್ತಿರ ಬಂದಾಗ ಮಾತ್ರ ಎಳ್ಳಿನ ಅಳತೆಯನ್ನು ಅರ್ಧ ಮಾಡಿದ. ಹುಳಿ, ಸಿಹಿ, ಖಾರ ಮೂರನ್ನೂ ಹಿಡಿದು ನಿಲ್ಲಿಸುವುದು ಹುರಿದ ಎಳ್ಳು. ಅದು ಕಡಿಮೆಯಾದರೆ ಮೆಣಸ್ಕಾಯಿ ನೀರು ನೀರು. ಬರೆದ ಮೇಲೆ ತಿದ್ದಬಹುದಿತ್ತು. ತಿದ್ದಲಿಲ್ಲ.

ವೆಂಕಟಕೃಷ್ಣ ಹೋದ ನಾಲ್ಕನೆಯ ದಿನ ಮೊದಲ ವಿಡಿಯೋ ಬಂತು. ಅವಿನಾಶನ ಕಂಪೆನಿಯವರು ಹಾಕಿದ್ದು. ಒಂದು ದೊಡ್ಡ ಮರದ ಕೆಳಗೆ ಉದ್ದನೆಯ ಮೇಜು, ಅದರ ಸುತ್ತ ಟೊಪ್ಪಿ ಹಾಕಿದ ಮುದುಕರು, ಮುದುಕಿಯರು. ಹಿಂದೆ ಕಣ್ಣು ಹಾಯುವಷ್ಟು ದೂರ ಗುಡ್ಡ, ಗುಡ್ಡದ ತಲೆಯ ಮೇಲೆ ಕೋಟೆಯಂಥ ಊರು. ಪಂಚೆಯ ಮೇಲೆ ಜಾಕೆಟು ತೊಟ್ಟ ವೆಂಕಟಕೃಷ್ಣ ಬಡಿಸುತ್ತಿದ್ದ. ಯಾರೋ ಕೇಳಿದರು, "ಇದೆಂತ ಭಟ್ರೇ?" ಅವನು ಕ್ಯಾಮರಾದ ಕಡೆ ನೋಡಿ ನಕ್ಕ. "ದ್ರಾಕ್ಷಿ ಮೆಣಸ್ಕಾಯಿ. ಇಲ್ಲಿ ಅನಾನಸು ಸರಿಯಾದದ್ದು ಸಿಗುವುದಿಲ್ಲ. ಬಾಗಿಲಿನ ಎದುರೇ ಕಪ್ಪು ದ್ರಾಕ್ಷಿ ಉಂಟು, ಯಾಕೆ ಬಿಡುವುದು ಅಂತ." ಒಬ್ಬ ನಿವೃತ್ತ ಡಾಕ್ಟರು ಬೆರಳು ನೆಕ್ಕುತ್ತಾ, ಎಪ್ಪತ್ತು ವರ್ಷದಲ್ಲಿ ಇಂಥದ್ದು ತಿಂದಿಲ್ಲ ಎಂದರು.

ಆ ವಿಡಿಯೋವನ್ನು ಕೇಶವಪ್ರಸಾದನಿಗೆ ಒಂದೇ ದಿನದಲ್ಲಿ ಹನ್ನೊಂದು ಜನ ಕಳಿಸಿದರು. ಚಾ ಅಂಗಡಿಯಲ್ಲಿ ಕರೆದು ಕೂರಿಸಿ ತೋರಿಸಿದರು. "ನಿಮ್ಮ ವೆಂಕಟ ಎಂತ ಮಿಂಚುತ್ತಿದ್ದಾನೆ ನೋಡಿ!" ನೋಡಿದ. ನೋಡದಿರಲು ಆಗುತ್ತಿರಲಿಲ್ಲ. ಮನೆಗೆ ಬಂದು ಒಬ್ಬನೇ ಕುಳಿತು ಮತ್ತೆ ನೋಡಿದ. ಬಟ್ಟಲಲ್ಲಿದ್ದ ಮೆಣಸ್ಕಾಯಿ ನೀರಾಗಿದೆಯೇ ಎಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಆಗಿರಲಿಲ್ಲ. ಹದವಾಗಿ, ಹೊಳಪಾಗಿ, ಸೌಟಿಗೆ ಅಂಟಿಕೊಂಡು ನಿಂತಿತ್ತು.

ದಿನಕ್ಕೊಂದು ಬರತೊಡಗಿತು. ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ವೆಂಕಟಕೃಷ್ಣ ಐಸ್‌ಕ್ರೀಮ್ ತಿನ್ನುತ್ತಿರುವುದು. ಗೋಪುರದ ಕಿಟಕಿಯಿಂದ ಕೈ ಬೀಸುತ್ತಿರುವುದು. ತೋಟದ ಮನೆಯ ಯಜಮಾನಿ, ಲೂಚಿಯಾ ಎಂಬ ಎಂಬತ್ತರ ಮುದುಕಿ, ಅವನಿಗೆ ಅಂಜೂರ ಕೊಯ್ಯುವುದನ್ನು ತೋರಿಸುತ್ತಿರುವುದು. ಇವನು ತುಳುವಿನಲ್ಲಿ, ಅವಳು ಅವಳ ಭಾಷೆಯಲ್ಲಿ, ಇಬ್ಬರೂ ನಗುತ್ತಿರುವುದು. ಆ ಮೆಟ್ಟಿಲ ಮೇಲೆ ಕೂರಬೇಕಾದವನು ತಾನು, ಆ ಗೋಪುರ ಹತ್ತಬೇಕಾದದ್ದು ತನ್ನ ಕಾಲು ಎಂದು ಕೇಶವಪ್ರಸಾದನಿಗೆ ಅನಿಸಿದಷ್ಟೂ ಅವನು ಆ ಚಿತ್ರಗಳಲ್ಲಿ ತನ್ನ ಸ್ಥಳವನ್ನೇ ಹುಡುಕುತ್ತಿದ್ದ. ಊಟ ಸೇರಲಿಲ್ಲ. ಆ ವಾರ ಒಂದು ಗೃಹಪ್ರವೇಶದಲ್ಲಿ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು. ಯಜಮಾನರು ಎದುರಿಗೆ ಏನೂ ಹೇಳಲಿಲ್ಲ. ಎಲೆಗಳಲ್ಲಿ ಉಳಿದದ್ದನ್ನು ಅವನೇ ಕಂಡ.

ಊರಿಗೆ ಬಂದ ಮರುದಿನವೇ ವೆಂಕಟಕೃಷ್ಣ ಕೇಶವಪ್ರಸಾದನ ಮನೆಗೆ ಬಂದ. ಕೆನ್ನೆ ಕೆಂಪಾಗಿತ್ತು. ಕಾಗದದಲ್ಲಿ ಸುತ್ತಿದ ಒಂದು ಕತ್ತಿ ತಂದಿದ್ದ. ಅರ್ಧಚಂದ್ರದ ಅಲಗು, ಎರಡು ತುದಿಗೂ ಮರದ ಹಿಡಿ.

"ಸೊಪ್ಪು ಕೊಚ್ಚಲಿಕ್ಕೆ. ಲೂಚಿಯಮ್ಮನ ಹತ್ತಿರ ನೋಡಿದೆ. ನಿನಗೆ ಒಂದು ತರಲೇಬೇಕು ಅಂತ ಅವಿನಾಶನನ್ನು ಎರಡು ಅಂಗಡಿ ಸುತ್ತಿಸಿದೆ."

ಕೇಶವಪ್ರಸಾದ ಕತ್ತಿಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. "ಹೇಗುಂಟು ಊರು?"

"ಎಂತ ಹೇಳುವುದು ಭಾವ! ನಮ್ಮ ಪೊಸಡಿ ಗುಂಪೆ ಗುಡ್ಡದ ತುದಿಯಲ್ಲಿ ಒಂದು ಪೇಟೆ ಕಟ್ಟಿ, ಸುತ್ತ ಕಲ್ಲಿನ ಗೋಡೆ ಹಾಕಿದರೆ ಹೇಗೆ, ಹಾಗೆ. ಬೆಳಿಗ್ಗೆ ಎದ್ದರೆ ಕೆಳಗೆಲ್ಲ ಮಂಜು, ಊರು ಮಾತ್ರ ಮೇಲೆ. ಅಲ್ಲಿ ಯಾರಿಗೂ ಅವಸರವೇ ಇಲ್ಲ. ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ನಾಲ್ಕಕ್ಕೆ ತೆಗೆಯುವುದು. ನಾನೂ ಮಲಗುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಮಧ್ಯಾಹ್ನ ಮಲಗಿದ್ದು ಈಗಲೇ." ಅವನು ಚಾ ಕುಡಿದು, ನೆನಪಾದವನಂತೆ ಹೇಳಿದ: "ಹಾಂ, ನೀನು ಬರೆದುಕೊಟ್ಟದ್ದರಲ್ಲಿ ಎಳ್ಳು ಅರ್ಧ ಬಿದ್ದಿತ್ತು. ಬರೆಯುವಾಗ ಕೈ ತಪ್ಪಿದ್ದು ಅಂತ ಗೊತ್ತಾಯಿತು. ನಾನೇ ಸರಿ ಮಾಡಿಕೊಂಡೆ. ಇಷ್ಟು ವರ್ಷ ನೋಡಿ ಅಷ್ಟಾದರೂ ಗೊತ್ತಾಗದಾ?"

ಕೇಶವಪ್ರಸಾದನಿಗೆ ಆಗ ಅರಿವಾಯಿತು: ಇವನಿಗೆ ಅಡುಗೆಯೆಲ್ಲ ಗೊತ್ತಿತ್ತು. ಸಟ್ಟುಗ ಕೈಗೆ ಬರಲಿಲ್ಲ ಎಂಬುದಷ್ಟೇ.

ಹೊರಡುವ ಮುಂಚೆ ವೆಂಕಟಕೃಷ್ಣ ದನಿ ತಗ್ಗಿಸಿದ. ಮೊದಲ ತೋಟದ ಮನೆಯಿಂದ ಎರಡನೆಯದಕ್ಕೆ ಹೋಗುವ ದಿನ ಪಾತ್ರೆಗಳ ಪೆಟ್ಟಿಗೆ ಬೇರೆ ಗಾಡಿಯಲ್ಲಿ ಎಲ್ಲಿಗೋ ಹೋಗಿ, ಮರುದಿನ ಬಂತಂತೆ. ಮುದುಕರು ಬೆಳಿಗ್ಗೆಯಿಂದ ಸರಿಯಾಗಿ ತಿಂದಿರಲಿಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಕೈ ನಡುಗತೊಡಗಿತ್ತು.

"ಆ ಮನೆಯವರದ್ದೇ ಪಾತ್ರೆ ತೆಗೆದುಕೊಂಡೆ ಭಾವ. ಮೂರು ಸಲ ತಿಕ್ಕಿ, ಕುದಿನೀರು ಹೊಯ್ದು, ಅನ್ನ ಬೇಯಿಸಿದೆ. ಮೊಸರು, ಉಪ್ಪಿನಕಾಯಿ. ಅಷ್ಟೇ. ಅವರು ಅದರಲ್ಲಿ ಎಂತೆಂತದು ಬೇಯಿಸುತ್ತಾರೋ ದೇವರಿಗೇ ಗೊತ್ತು. ಯಾರಿಗೂ ಹೇಳಲಿಲ್ಲ. ಮನಸ್ಸಿನಲ್ಲಿ ಇತ್ತು, ನಿನಗೆ ಹೇಳಿದೆ. ಇಲ್ಲಿಗೆ ಬಿಡು."

"ಬಿಟ್ಟೆ," ಎಂದ ಕೇಶವಪ್ರಸಾದ.

ಊರ ದೇವಸ್ಥಾನದ ಬ್ರಹ್ಮಕಲಶ ಫೆಬ್ರವರಿಯಲ್ಲಿ ಇತ್ತು. ಹನ್ನೆರಡು ವರ್ಷಕ್ಕೊಮ್ಮೆ ಬರುವುದು. ಎಂಟು ದಿನ, ದಿನಕ್ಕೆ ಸಾವಿರಗಟ್ಟಲೆ ಎಲೆ. ಹಿಂದಿನ ಸಲ ಕೇಶವಪ್ರಸಾದನೇ ಅಡುಗೆಯ ಮುಖ್ಯಸ್ಥನಾಗಿದ್ದ. ಡಿಸೆಂಬರಿನ ಒಂದು ಬೆಳಿಗ್ಗೆ ಆಡಳಿತ ಮೊಕ್ತೇಸರರಾದ ಈಶ್ವರಪ್ರಸಾದರು ಆಮಂತ್ರಣ ಪತ್ರದ ಕರಡು ಹಿಡಿದುಕೊಂಡು ಮನೆಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಓದಿದರು: "ಪಾಕ ನಿರ್ವಹಣೆ: ಇಟಲಿ ಖ್ಯಾತಿಯ ವೆಂಕಟಕೃಷ್ಣ ಭಟ್ ಮತ್ತು ಬಳಗ." ಓದಿ ಸಂತೋಷದಿಂದ ತಲೆ ಎತ್ತಿದರು. "ಹುಡುಗರ ಅಭಿಪ್ರಾಯ. ಹೀಗೆ ಹಾಕಿದರೆ ಹೊರಗಿನವರಿಗೂ ಒಂದು ಕುತೂಹಲ. ನೀವು ಹೇಗೂ ಬಳಗದಲ್ಲಿ ಇದ್ದೀರಲ್ಲ."

ಬಳಗ. ಕೇಶವಪ್ರಸಾದ ಆ ಪದವನ್ನು ಕಾಗದದ ಮೇಲೆ ಬೆರಳಿಟ್ಟು ನೋಡಿದ.

"ಒಳ್ಳೆಯದಾಯಿತು," ಎಂದ. "ಅವನಿಗೆ ಒಂದು ಹೆಸರು ಬಂತು. ಆದರೆ..."

"ಆದರೆ ಎಂತ?"

"ಎಂತ ಇಲ್ಲ. ದೇವರ ಸನ್ನಿಧಿಯ ಅಡುಗೆ ಅಲ್ವಾ. ಅಲ್ಲಿ ಪಾತ್ರೆ ಯಾರದ್ದು ಅಂತ ಒಮ್ಮೆ ಅವನನ್ನೇ ಕೇಳಿಕೊಳ್ಳಿ."

ಈಶ್ವರಪ್ರಸಾದರ ಮುಖ ಬದಲಾಯಿತು. "ಬಿಡಿಸಿ ಹೇಳಿ ಭಟ್ರೇ. ನಾಳೆ ಏನಾದರೂ ಆದರೆ ನನ್ನ ಕುತ್ತಿಗೆಗೆ."

"ಮಾಂಸ ಬೇಯಿಸುವವರ ಪಾತ್ರೆಯಲ್ಲಿ ಅನ್ನ ಮಾಡಿದ್ದಾನಂತೆ. ಒಂದು ದಿನ ಮಾತ್ರ. ತೊಳೆದಿದ್ದಾನೆ. ನಾನು ಹೇಳಿದ್ದು ಅಂತ ಮಾತ್ರ ಬೇಡ."

ಈಶ್ವರಪ್ರಸಾದರು ಜಗಲಿ ಇಳಿದು ಹೋಗುವಾಗ ಅವನ ಎದೆ ಹಗುರವಾಗಿತ್ತು. ಎರಡು ತಿಂಗಳಿನಿಂದ ಅಲ್ಲಿ ಕುಳಿತಿದ್ದದ್ದು ಎದ್ದು ಹೋದ ಹಾಗೆ. ಸಂಜೆಯವರೆಗೂ ಹಾಗೇ ಇತ್ತು.

ಒಂದು ದಿನ ಮಾತ್ರ ಎಂಬ ಮಾತು ದಾರಿಯಲ್ಲೇ ಬಿದ್ದುಹೋಯಿತು. ತೊಳೆದದ್ದೂ ಬಿದ್ದುಹೋಯಿತು. ದೇವಸ್ಥಾನದ ಸಮಿತಿಯವರು ಕರೆದು ಕೇಳಿದಾಗ ವೆಂಕಟಕೃಷ್ಣ ಸುಳ್ಳು ಹೇಳಲಿಲ್ಲ; ಹೌದು ಎಂದ, ಯಾಕೆ ಎಂದೂ ಹೇಳಿದ. ಹೌದು ಎಂಬುದಷ್ಟೇ ಅವರಿಗೆ ಕೇಳಿಸಿತು. ಹದಿನೈದು ದಿನದೊಳಗೆ ಅವನು ಅಲ್ಲಿ ಮಾಂಸ ತಿಂದನೆಂದೂ, ಕುಡಿದನೆಂದೂ, ಆ ಮುದುಕಿಯ ಜೊತೆ ಒಂದೇ ಬಟ್ಟಲಲ್ಲಿ ಉಂಡನೆಂದೂ ಮಾತು ಹಬ್ಬಿತು. ಮೊದಲು ಶ್ರಾದ್ಧದ ಮನೆಯವರು ಕರೆಯುವುದನ್ನು ನಿಲ್ಲಿಸಿದರು, ಆಮೇಲೆ ಉಪನಯನದವರು. ಕೊನೆಗೆ ಮದುವೆಯವರೂ, "ಈ ಸಲ ವೆಂಕಟಣ್ಣ ಬೇಡ, ಬೇರೆ ಯಾರನ್ನಾದರೂ ಕರೆದುಕೊಂಡು ಬನ್ನಿ" ಎಂದು ಕೇಶವಪ್ರಸಾದನಿಗೇ ಫೋನು ಮಾಡತೊಡಗಿದರು. ಅವನು ಆಯಿತು ಎನ್ನುತ್ತಿದ್ದ. ವೆಂಕಟಕೃಷ್ಣ ಕಾಸರಗೋಡಿನ ಒಂದು ಹಾಸ್ಟೆಲಿನ ಅಡುಗೆಗೆ ಸೇರಿದ ಎಂದು ಸುದ್ದಿ ಬಂತು. ಮನೆಗೆ ಮಾತ್ರ ಅವನು ಮತ್ತೆ ಬರಲಿಲ್ಲ. ಜಗಳಕ್ಕೂ ಬರಲಿಲ್ಲ.

ಬ್ರಹ್ಮಕಲಶದ ಆಮಂತ್ರಣದಲ್ಲಿ ಕೇಶವಪ್ರಸಾದನ ಹೆಸರು ದಪ್ಪ ಅಕ್ಷರದಲ್ಲಿ ಬಿತ್ತು. ಎಂಟು ದಿನ ಅವನು ನಿದ್ದೆಗೆಟ್ಟು ದುಡಿದ. ಉಪ್ಪು ಹೆಚ್ಚಾಗಲಿಲ್ಲ, ಅನ್ನ ಮುದ್ದೆಯಾಗಲಿಲ್ಲ. ಕೊನೆಯ ದಿನ ಪಂಕ್ತಿಯ ಹಿಂದೆ ಅಡ್ಡ ಕಟ್ಟಿದ ತಟ್ಟಿಯ ಈಚೆ ನಿಂತು ಬೆವರು ಒರೆಸುತ್ತಿದ್ದಾಗ, ಆಚೆ ಉಣ್ಣುತ್ತಿದ್ದ ಒಬ್ಬರು ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

"ಊಟ ಚೆನ್ನಾಗುಂಟು. ಆದರೂ ಆ ವೆಂಕಟ ಇದ್ದಿದ್ದರೆ ದ್ರಾಕ್ಷಿ ಮೆಣಸ್ಕಾಯಿಯದ್ದೊಂದು ರುಚಿ ನೋಡಬಹುದಿತ್ತು."

ಕೇಶವಪ್ರಸಾದನಿಗೆ ಸಿಟ್ಟು ಬಂದದ್ದು ಉಣ್ಣುವವನ ಮೇಲಲ್ಲ. ಇಲ್ಲದೆಯೂ ಎಲೆಯ ಮುಂದೆ ಬಂದು ಕೂರುವ ವೆಂಕಟಕೃಷ್ಣನ ಮೇಲೆ. ಅವನ ಅನ್ನ ಕಿತ್ತಾಯಿತು, ಹೆಸರು ಕೆಡಿಸಿಯಾಯಿತು. ಆದರೂ ಆ ಗುಡ್ಡದ ಮೇಲಿನ ಊರನ್ನು ಅವನಿಂದ ಕಿತ್ತುಕೊಳ್ಳಲು ಆಗಲಿಲ್ಲವಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ ಶಂಕರಿ ಪೇಟೆಯಿಂದ ಬಂದು ಚೀಲ ಕೆಳಗಿಟ್ಟು ಹೇಳಿದಳು.

"ವೆಂಕಟಣ್ಣ ಪುನಃ ಹೋಗುತ್ತಾರಂತೆ. ಏಪ್ರಿಲ್‌ನಿಂದ ಮೂರು ತಿಂಗಳು. ಒಂದರ ಹಿಂದೆ ಒಂದು ನಾಲ್ಕು ಗುಂಪು ಉಂಟಂತೆ, ಹೆಚ್ಚಿನವರು ಬೆಂಗಳೂರಿನವರು. ಪಾತ್ರೆಯ ವಿಷಯ ಅವಿನಾಶನಿಗೆ ಗೊತ್ತಾಗಿ ಎಂತ ಹೇಳಿದ ಗೊತ್ತುಂಟಾ? ಅವತ್ತು ಇವರು ಅನ್ನ ಬೇಯಿಸದಿದ್ದರೆ ಆ ಕಾಯಿಲೆಯವರನ್ನು ಆಸ್ಪತ್ರೆಗೆ ಹಾಕಬೇಕಿತ್ತು, ಇಂಥವರೇ ನನಗೆ ಬೇಕು ಅಂತ."

"ಮೂರು ತಿಂಗಳಾ?"

"ಇಲ್ಲಿ ಕೆಲಸ ಇದ್ದಿದ್ದರೆ ಅಷ್ಟು ದಿನ ಬಿಟ್ಟು ಹೋಗುತ್ತಿರಲಿಲ್ಲ. ಈಗ ಎಂತ, ಬಿಡುವೇ ಬಿಡುವು."

ಶಂಕರಿ ಒಳಗೆ ಹೋದವಳು ಬಾಗಿಲಿನಲ್ಲಿ ನಿಂತಳು. ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳುತ್ತಿದ್ದಾಳೆ ಎಂದು ಅವಳ ದನಿಯಲ್ಲೇ ಗೊತ್ತಾಯಿತು.

"ವೆಂಕಟಣ್ಣ ಪಾತ್ರೆಯ ಸಂಗತಿ ಹೇಳುವಾಗ ನಾನು ಇಲ್ಲೇ ಬಾಗಿಲ ಹಿಂದೆ ಇದ್ದೆ. ಕೇಳಿದವರು ನಾವಿಬ್ಬರು. ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ."

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಕೇಶವಪ್ರಸಾದ ವೆಂಕಟಕೃಷ್ಣನ ಮನೆಗೆ ಹೋದ. ಜಗಲಿಯ ತುಂಬ ಸಾಮಾನು ಹರಡಿತ್ತು. ಹಪ್ಪಳದ ಕಟ್ಟು, ಉಪ್ಪಿನಕಾಯಿ ಭರಣಿ, ಒಣಮೆಣಸು, ಹುಡಿಗಳ ಪೊಟ್ಟಣ. ವೆಂಕಟಕೃಷ್ಣ ನೆಲದ ಮೇಲೆ ಕುಳಿತು ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದ. ತಲೆ ಎತ್ತಿ ನೋಡಿದ. ಭಾವ ಎನ್ನಲಿಲ್ಲ.

"ಬಾ. ಕುಳಿತುಕೋ."

"ಕುಳಿತುಕೊಳ್ಳಲಿಕ್ಕೆ ಬಂದದ್ದಲ್ಲ. ಒಂದು ವಿಷಯ ಹೇಳಲಿಕ್ಕೆ ಉಂಟು. ದೇವಸ್ಥಾನದವರಿಗೆ ಆ ಪಾತ್ರೆಯ ಸಂಗತಿ..."

"ನೀನು ಹೇಳಿದ್ದು." ವೆಂಕಟಕೃಷ್ಣ ಚೀಟಿಯ ಅಂಚನ್ನು ಉಗುರಿನಿಂದ ಒತ್ತಿದ. "ಅವರು ನನ್ನನ್ನು ಕರೆದ ದಿನವೇ ಗೊತ್ತಾಯಿತು ಮಾರಾಯ. ನಾನು ಬೇರೆ ಯಾರಿಗೆ ಹೇಳಿದ್ದೇನೆ?"

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದರೆ ನೀನು ಇಲ್ಲ ಅನ್ನುತ್ತಿದ್ದೆ. ಆಗ ನಾನು ನಂಬಬೇಕಾಗುತ್ತಿತ್ತು. ಅದಕ್ಕಿಂತ ಇದು ವಾಸಿ. ಆ ಎಳ್ಳು ಕೂಡ ಕೈ ತಪ್ಪಿದ್ದಲ್ಲ, ಅಲ್ವಾ?"

ಕೇಶವಪ್ರಸಾದ ಹೌದು ಎಂದು ತಲೆ ಅಲ್ಲಾಡಿಸಿದ. ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಬೇರೆಯೇ ಇದ್ದವು. ಕೊನೆಗೆ ಹೊರಬಂದದ್ದು ಇಷ್ಟು: "ನನ್ನಿಂದ ಸಹಿಸಲಿಕ್ಕೆ ಆಗಲಿಲ್ಲ. ಅದು ನನ್ನದಾಗಬೇಕಿತ್ತು."

"ಹೌದು, ನಿನ್ನದೇ. ನಾನು ಇಲ್ಲ ಅಂತ ಹೇಳಿದ್ದೇನಾ? ಅಲ್ಲಿ ಪ್ರತಿ ದಿನ ಎಲ್ಲರ ಹತ್ತಿರ ಹೇಳಿದ್ದೇನೆ, ಇದು ಕೇಶವ ಭಾವನ ಕೈಯ ಪಾಕ, ನಾನು ನೋಡಿ ಕಲಿತದ್ದು ಅಂತ. ಅದು ವಿಡಿಯೋದಲ್ಲಿ ಬರಲಿಲ್ಲ, ಅಷ್ಟೇ." ಅವನು ಪೊಟ್ಟಣವನ್ನು ಬದಿಗಿಟ್ಟು ಮೊದಲ ಬಾರಿಗೆ ನೆಟ್ಟಗೆ ನೋಡಿದ. "ಒಂದು ಸತ್ಯ ಹೇಳು. ನೀನು ಈಗ ಬಂದದ್ದು ತಪ್ಪಾಯಿತು ಅನ್ನಲಿಕ್ಕಾ, ಇಲ್ಲ ಅಲ್ಲಿ ಇನ್ನೊಬ್ಬ ಅಡುಗೆಯವನಿಗೆ ಜಾಗ ಉಂಟಾ ಅಂತ ಕೇಳಲಿಕ್ಕಾ?"

ಕೇಶವಪ್ರಸಾದ ಬಾಯಿ ತೆರೆದ. ತಪ್ಪಾಯಿತು ಎನ್ನಲಿಕ್ಕೆ ಎಂದು ಹೇಳುವುದು ಸುಲಭವಿತ್ತು. ಆದರೆ ಅವನ ಕಣ್ಣು ಆಗಲೇ ಆ ಚೀಟಿಗಳ ಮೇಲೆ, ಹಪ್ಪಳದ ಕಟ್ಟಿನ ಮೇಲೆ, ಗೋಡೆಗೆ ಒರಗಿಸಿದ್ದ ಹೊಸ ಸೂಟ್‌ಕೇಸಿನ ಮೇಲೆ ಓಡಾಡಿ ಬಂದಿತ್ತು. ವೆಂಕಟಕೃಷ್ಣ ಅದನ್ನು ನೋಡಿದ್ದ.

"ಗೊತ್ತಿಲ್ಲ," ಎಂದ ಕೇಶವಪ್ರಸಾದ.

"ಹಾಗಾದರೆ ಹೋಗಿ ಬಾ."

ಅವನು ಅಲ್ಲಿಂದ ಹೊರಟು ಸೀದಾ ಮನೆಗೆ ಹೋಗಲಿಲ್ಲ. ಈಶ್ವರಪ್ರಸಾದರ ಮನೆಗೆ ಹೋದ. ಅಲ್ಲಿ ಬ್ರಹ್ಮಕಲಶದ ವರದಿ ಬರೆಯಲು ಸಮಿತಿಯ ನಾಲ್ಕು ಜನ ಸೇರಿದ್ದರು. ಎಲ್ಲರ ಎದುರಿಗೆ ಹೇಳಿದ: ವೆಂಕಟಕೃಷ್ಣ ನಂಬಿಕೆಯಿಂದ ಹೇಳಿದ ಮಾತನ್ನು ತಾನು ಹೊಟ್ಟೆಕಿಚ್ಚಿನಿಂದ ಹೊರಗೆ ಹಾಕಿದ್ದು, ಅದು ಒಂದು ಹೊತ್ತಿನ ಅನ್ನ, ಹಸಿದ ಮುದುಕರಿಗೆ, ಉಳಿದದ್ದೆಲ್ಲ ಊರವರು ಸೇರಿಸಿದ್ದು.

ಈಶ್ವರಪ್ರಸಾದರು ಪೆನ್ನಿನ ಮುಚ್ಚಳ ಹಾಕಿದರು. "ಇದು ಈಗ ಎಂತಕ್ಕೆ ಭಟ್ರೇ? ಕಾರ್ಯ ಚಂದಕ್ಕೆ ಕಳೆಯಿತಲ್ಲ."

"ಅವನಿಗೆ ಚಂದಕ್ಕೆ ಕಳೆಯಲಿಲ್ಲ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ವೆಂಕಟಕೃಷ್ಣನನ್ನು ಕರೆಸುವ ಎನ್ನಲಿಲ್ಲ. ಒಂದು ವಾರದ ಮೇಲೆ ಕೇಶವಪ್ರಸಾದನಿಗೆ ತಿಳಿದದ್ದೇನೆಂದರೆ, ಮುಂದಿನ ನವರಾತ್ರಿಯ ಅನ್ನದಾನದ ಅಡುಗೆಯನ್ನು ಪುತ್ತೂರಿನ ಕ್ಯಾಟರಿಂಗಿನವರಿಗೆ ಕೊಡುವುದೆಂದು ತೀರ್ಮಾನವಾಗಿದೆ, 'ಇವರಿಬ್ಬರ ರಗಳೆಯೇ ಬೇಡ' ಎಂದು. ಶಂಕರಿಗೆ ಹೇಳಿದಾಗ ಅವಳು, "ಆಗಲಿ" ಎಂದು ಅವನ ಎಲೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಬಹಳ ದಿನದ ಮೇಲೆ ಅವನು ಹೊಟ್ಟೆ ತುಂಬ ಉಂಡ.

ವೆಂಕಟಕೃಷ್ಣ ಹೊರಡುವ ದಿನ ಹನ್ನೊಂದು ಗಂಟೆಗೆ ಕೇಶವಪ್ರಸಾದ ಪೆರ್ಲ ಪೇಟೆಯಲ್ಲಿದ್ದ. ಬೇಕೆಂದೇ ಬಂದದ್ದೋ, ಅಂಗಡಿಯಲ್ಲಿ ಬಾಳೆಎಲೆಗೆ ಹೇಳಲು ಬಂದದ್ದೋ, ಕೇಳಿದರೆ ಅವನು ಎರಡನೆಯದನ್ನೇ ಹೇಳುತ್ತಿದ್ದ. ಮಂಗಳೂರಿಗೆ ಹೋಗುವ ಕಾರು ಅವನ ಪಕ್ಕಕ್ಕೆ ಬಂದು ನಿಂತಿತು. ಗಾಜು ಕೆಳಗಿಳಿಯಿತು.

"ಸಮಿತಿಯವರ ಎದುರಿಗೆ ಹೇಳಿದೆಯಂತೆ," ಎಂದ ವೆಂಕಟಕೃಷ್ಣ.

"ಹೇಳಿದೆ."

"ಅದರಿಂದ ನನಗೆ ಎಂತದೂ ಆಗಲಿಲ್ಲ."

"ಗೊತ್ತು."

ವೆಂಕಟಕೃಷ್ಣ ಡ್ರೈವರಿಗೆ ಒಂದು ನಿಮಿಷ ನಿಲ್ಲಲು ಹೇಳಿದ. "ಸೆಪ್ಟೆಂಬರಿನಲ್ಲಿ ದೊಡ್ಡ ಗುಂಪು ಉಂಟಂತೆ, ನಲವತ್ತು ಜನ. ಒಬ್ಬನ ಕೈಯಲ್ಲಿ ಆಗುವುದಲ್ಲ. ಅವಿನಾಶ ಕೇಳಿದರೆ ನಿನ್ನ ಹೆಸರನ್ನು ನಾನು ಹೇಳುವುದಿಲ್ಲ. ಬೇಡ ಅಂತಲೂ ಹೇಳುವುದಿಲ್ಲ. ಬೇಕಾದರೆ ನೀನೇ ಕೇಳು."

ಗಾಜು ಮೇಲೇರಿತು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೇಶವಪ್ರಸಾದ ನಿಂತಿದ್ದ. ಎದೆಯಲ್ಲಿ ಹಳೆಯದೇ ಉರಿ ಎದ್ದಿತು. ಅದು ಹೋಗಿಬಿಟ್ಟಿದೆ ಎಂದುಕೊಂಡಿದ್ದ, ಹೋಗಿರಲಿಲ್ಲ.

ಏಪ್ರಿಲ್ ಕೊನೆಯಿಂದ ಮತ್ತೆ ವಿಡಿಯೋಗಳು ಬರುತ್ತಿವೆ. ಈ ಸಲ ಗುಡ್ಡವೆಲ್ಲ ಹಸಿರು, ನಡುವೆ ಕೆಂಪು ಹೂವು. ಯಾರಾದರೂ ಕಳಿಸಿದರೆ ಕೇಶವಪ್ರಸಾದ ಕೊನೆಯವರೆಗೂ ನೋಡುತ್ತಾನೆ, ದನಿ ಪೂರ್ತಿ ಏರಿಸಿ, ವೆಂಕಟಕೃಷ್ಣ ಏನು ಹೇಳುತ್ತಿದ್ದಾನೆ ಎಂದು ಕಿವಿಗೊಟ್ಟು. ಅವಿನಾಶನಿಗೆ ಎರಡು ಸಲ ಫೋನು ಹಚ್ಚಿದ್ದುಂಟು. ಎರಡು ಸಲವೂ ಆ ಕಡೆ ರಿಂಗಾಗುವ ಮುಂಚೆ ಕಡಿದ. ಪಾಸ್‌ಪೋರ್ಟು ಈಗ ಕೈಯಲ್ಲಿ ಉಂಟು, ವೀಸಾಕ್ಕೆ ಕೊಡಲಿಕ್ಕೆ ಆಗಸ್ಟಿನವರೆಗೆ ಸಮಯ ಉಂಟು ಎಂದು ಶಂಕರಿಗೆ ಹೇಳಿದ್ದಾನೆ. ಅವಳು ಆ ಉಣ್ಣೆಯ ಸ್ವೆಟರನ್ನು ಒಮ್ಮೆ ಬಿಸಿಲಿಗೆ ಹಾಕಿ ಮಡಚಿಟ್ಟಿದ್ದಾಳೆ.